ನಾಟಕವೂ ಲೋಕವಿಚಾರಣೆಯೂ

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಒಂದು ಕಥೆಯುಂಟು. ಲೋಕದ ಮೊಟ್ಟಮೊದಲನೆಯ ನಾಟಕವು ಇಂದ್ರಧ್ವಜದ ಉತ್ಸವದಲ್ಲಿ ನಡೆಯಿತಂತೆ. ದೇವತೆಗಳು ದೈತ್ಯರನ್ನು ಗೆದ್ದುದೇ ಅದರ ವಸ್ತು. ದೇವತೆಗಳು ನೋಡಿ ಹಿಗ್ಗಿ ನಟರಿಗೆ ಉಡುಗೊರೆಗಳನ್ನು ಕೊಟ್ಟರು. ಆದರೆ ಸಭೆಯಲ್ಲಿ ದೈತ್ಯರೂ ಇದ್ದರು. ತಮ್ಮ ಸೋಲನ್ನು ನಾಲ್ವರ ಮುಂದೆ ಆಡಿ ತೋರಿಸುವುದನ್ನು ಅವರು ಸಹಿಸಲಾರದೆ, ವಿಘ್ನಗಳನ್ನು ಕೂಡಿಕೊಂಡು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಕಟ್ಟಿಹಾಕಿದರು. ಇಂದ್ರನು ಧ್ವಜದ ದಂಡದಿಂದ ಅವರನ್ನು ಬಡಿದನು, ತಂಟೆ ಮುಗಿಯಲಿಲ್ಲ. ನಾಟ್ಯಗೃಹವನ್ನು ಕಟ್ಟಿಸಿ ಎಲ್ಲೆಡೆಯೂ ಕಾವಲಿಟ್ಟರು. ಅದರಿಂದಲೂ ಮನಸ್ತಾಪ ಹೋಗಲಿಲ್ಲ. ಕೊನೆಗೆ ಬ್ರಹ್ಮನೇ ದೈತ್ಯರನ್ನು ಕರೆದು ಸಾಮದಿಂದ ಮಾತನಾಡಬೇಕಾಯಿತು. ನಾಟ್ಯವು ದೇವತೆಗಳ ಹೊಗಳಿಕೆಗಾಗಿ ಮಾತ್ರ ಹುಟ್ಟಿದುದಲ್ಲ, ಮೂರು ಲೋಕದ ಭಾವಗಳೂ ಅದರಲ್ಲಿ ಅಡಕವಾಗಿವೆ ಎಂದು ಅವರಿಗೆ ತಿಳಿಯಹೇಳಿದನಂತೆ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಲೋಕದ ವ್ಯವಹಾರವನ್ನು ರಂಗದ ಮೇಲಕ್ಕೆ ತಂದೊಡನೆಯೇ, ಅದರಲ್ಲಿ ಚಿತ್ರಿತರಾದವರು “ನಮ್ಮನ್ನು ಹೀಗೆ ತೋರಿಸಲು ನಿಮಗೆ ಅಧಿಕಾರವೇನು?” ಎಂದು ಕೇಳುವರು. ಇದು ಮೊದಲನೆಯದು. ಆ ಪ್ರಶ್ನೆಗೆ ದೊಣ್ಣೆಯೂ ಉತ್ತರವಲ್ಲ, ಕಾವಲೂ ಉತ್ತರವಲ್ಲ, ಮಾತುಕತೆಯೇ ಉತ್ತರ. ಇದು ಎರಡನೆಯದು. ರಂಗಭೂಮಿಯನ್ನು ಕುರಿತ ಇಂದಿನ ಸಂಶೋಧನೆಯು ಸಮಾಜದ ಪ್ರಶ್ನೆಗಳೊಡನೆ ವ್ಯವಹರಿಸುವ ಬಗೆ ಯಾವುದು ಎಂಬುದನ್ನು ಈ ಉಪನ್ಯಾಸದಲ್ಲಿ ವಿಚಾರಮಾಡಬೇಕೆಂದಿದ್ದೇವೆ. ಹೊರಗಿನ ದೇಶಗಳ ಹೆಸರುಗಳು ಅನೇಕವಾಗಿ ಬಂದರೂ, ನಮ್ಮ ವಿಚಾರವೆಲ್ಲವೂ ದೈತ್ಯರು ಕೇಳಿದ ಆ ಪ್ರಶ್ನೆಯ ಸುತ್ತಲೇ ಸುಳಿಯುವುದೆಂಬುದನ್ನು ಮೊದಲೇ ಅರಿಕೆಮಾಡುತ್ತೇವೆ.

ನಾಟಕದ ಸಂಶೋಧನೆಯೆಂದರೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಗ್ರಂಥಗಳ ವಿಚಾರ. ಕವಿಯ ಕಾಲ ಯಾವುದು, ಓಲೆಯ ಪ್ರತಿಗಳಲ್ಲಿ ಶುದ್ಧಪಾಠ ಯಾವುದು, ಆಶ್ರಯ ಕೊಟ್ಟ ದೊರೆ ಯಾರು ಎಂಬಿವು ಅವಶ್ಯವಾದ ಪ್ರಶ್ನೆಗಳೇ. ಆದರೆ ನಾಟಕವು ಗ್ರಂಥದಲ್ಲಿ ಮುಗಿಯುವ ವಸ್ತುವಲ್ಲ. ಆಡುವವರು, ನೋಡುವವರು, ಆಡಿದ ಸ್ಥಳ, ಹಣ ಕೊಟ್ಟವರು, ಹೊರಗೆ ನಿಂತವರು, ಇವರೆಲ್ಲರೂ ಸೇರಿ ನಾಟಕ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರ ದೃಷ್ಟಿ ಗ್ರಂಥದಿಂದ ಈ ಕಡೆಗೆ ಹೊರಳಿತು.

ಇದಕ್ಕೆ ದಾರಿಮಾಡಿದವರಲ್ಲಿ ಒಬ್ಬನು ವಿಕ್ಟರ್ ಟರ್ನರ್ ಎಂಬ ಮಾನವಶಾಸ್ತ್ರಜ್ಞ. ಆತನು 1950ರ ದಶಕದಲ್ಲಿ ಇಂದಿನ ಜಾಂಬಿಯಾ ದೇಶದ ಎಂಡೆಂಬು ಜನರ ನಡುವೆ ವಾಸಮಾಡಿ, ಹಳ್ಳಿಯ ಜಗಳಗಳು ನಾಟಕದ ಅಂಕಗಳಂತೆ ನಡೆಯುವುದನ್ನು ಕಂಡನು. ನಮ್ಮ ಸೀಮೆಯ ಒಂದು ಹಳ್ಳಿಯನ್ನೇ ಕಲ್ಪಿಸಿಕೊಳ್ಳೋಣ. ಊರ ಬಾವಿಗೆ ಬರಕೂಡದೆಂಬ ಕಟ್ಟನ್ನು ಒಬ್ಬ ಹೆಣ್ಣುಮಗಳು ಮೀರಿ ಕೊಡವನ್ನಿಳಿಸುವಳು, ಇದು ಭಂಗ. ಕೇರಿಕೇರಿಗಳು ಪಕ್ಷಕಟ್ಟಿ ನಿಲ್ಲುವುವು; ಇದು ಬಿಕ್ಕಟ್ಟು. ಪಂಚಾಯಿತಿಯೋ ಕೋರ್ಟೋ ದೇವರ ಮುಂದಿನ ಪ್ರಮಾಣವೋ ನಡೆಯುವುದು. ಇದು ಪರಿಹಾರದ ಯತ್ನ. ಕಡೆಗೆ ಊರು ಕೂಡಿಕೊಳ್ಳುವುದು, ಇಲ್ಲವೆ ಒಡೆದು ಎರಡಾಗುವುದು. ಈ ನಾಲ್ಕು ಘಟ್ಟಗಳನ್ನು ಟರ್ನರನು ಸಾಮಾಜಿಕ ನಾಟಕವೆಂದು ಕರೆದನು. ಈತನ ಗೆಳೆಯನಾದ ರಿಚರ್ಡ್ ಷೆಖ್ನರ್ ಎಂಬ ನಿರ್ದೇಶಕನು ರಂಗದ ಮೇಲಿನ ಆಟವನ್ನೂ ರಂಗದ ಹೊರಗಿನ ಉತ್ಸವ, ಮದುವೆ, ಮೆರವಣಿಗೆಗಳನ್ನೂ ಒಂದೇ ಶಾಸ್ತ್ರದಡಿಯಲ್ಲಿ ನೋಡಬೇಕೆಂದು ವಾದಿಸಿ, ಕಾಶಿಯ ಎದುರುದಡದ ರಾಮನಗರದ ರಾಮಲೀಲೆಯನ್ನು ವರ್ಷಗಟ್ಟಲೆ ಅಭ್ಯಾಸಮಾಡಿದನು. 1980ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ ಒಂದು ವಿಭಾಗ ಏರ್ಪಟ್ಟಿತು.

ಹೀಗೆ ನೋಡಲು ತೊಡಗಿದರೆ ಫಲವೇನು? ನಮ್ಮ ಕಂಪೆನಿ ನಾಟಕಗಳಲ್ಲಿ ಬಹುಕಾಲ ಹೆಣ್ಣಿನ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಹಳೆಯ ರೀತಿಯ ವಿಮರ್ಶಕನು ಆ ನಟನ ಕಂಠವನ್ನೂ ನಡೆಯನ್ನೂ ಹೊಗಳಿ ಸುಮ್ಮನಾಗುವನು. ಹೊಸ ರೀತಿಯವನು ಹೆಂಗಸು ರಂಗವನ್ನೇಕೆ ಏರಲಿಲ್ಲ, ಏರಿದವಳನ್ನು ಊರು ಏನೆಂದು ಕರೆಯಿತು, ಆಕೆಯ ಸಂಪಾದನೆ ಯಾರ ಕೈ ಸೇರಿತು ಎಂದು ಕೇಳುವನು. ಕೇಳುತ್ತಿರುವಾಗಲೇ ನಾಟಕದ ಚರಿತ್ರೆಯು ಸಮಾಜದ ಚರಿತ್ರೆಯಾಗುವುದು. ಸಂಶೋಧನೆಯು ಸಮಾಜವನ್ನು ಮುಟ್ಟುವ ಮೊದಲನೆಯ ದಾರಿ ಇದು.

ಎರಡನೆಯ ದಾರಿಯಲ್ಲಿ ಸಂಶೋಧನೆಯೇ ನಾಟಕವಾಗುವುದು. 1935ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು ಸರ್ಕಾರವು ಒಂದು ನಾಟಕ ಯೋಜನೆಯನ್ನು ತೆರೆದು, ಹ್ಯಾಲಿ ಫ್ಲಾನಗನ್ ಎಂಬ ಕಾಲೇಜಿನ ಅಧ್ಯಾಪಿಕೆಯನ್ನು ಅದಕ್ಕೆ ಮುಖ್ಯಸ್ಥೆಯನ್ನಾಗಿ ಮಾಡಿತು. ಅದರ ಒಂದು ಶಾಖೆಯ ಹೆಸರು ಜೀವಂತ ವೃತ್ತಪತ್ರಿಕೆ. ನೌಕರಿ ಕಳೆದುಕೊಂಡ ಪತ್ರಿಕಾಕರ್ತರು ಅಲ್ಲಿ ಸೇರಿ, ಬೇಸಾಯ, ವಿದ್ಯುಚ್ಛಕ್ತಿ, ಬಡವರ ವಸತಿ ಮುಂತಾದ ವಿಷಯಗಳಲ್ಲಿ ಸರ್ಕಾರದ ವರದಿಗಳನ್ನೂ ಲೆಕ್ಕಪತ್ರಗಳನ್ನೂ ಜಾಲಾಡಿ ಸಂಗತಿಗಳನ್ನು ಒದಗಿಸುವರು. ನಾಟಕಕಾರನು ಅವನ್ನು ದೃಶ್ಯಗಳಾಗಿ ಕಟ್ಟುವನು. 1938ರಲ್ಲಿ ಆಡಿದ, ರಾಷ್ಟ್ರದ ಮೂರನೆಯ ಒಂದು ಪಾಲು ಎಂಬ ಅರ್ಥದ ಹೆಸರುಳ್ಳ ನಾಟಕವು ಇವುಗಳಲ್ಲಿ ಹೆಸರಾದುದು. ಜನರ ಮೂರನೆಯ ಒಂದು ಪಾಲಿಗೆ ಸರಿಯಾದ ಮನೆಯಿಲ್ಲವೆಂದು ಅಧ್ಯಕ್ಷ ರೂಸ್‌ವೆಲ್ಟರು 1937ರಲ್ಲಿ ಹೇಳಿದ ಮಾತಿನಿಂದ ಆ ಹೆಸರು ಬಂದಿತು. ನೆಲದ ಬೆಲೆ ಏರುವುದು ಹೇಗೆಂಬುದನ್ನು ಅರ್ಥಶಾಸ್ತ್ರದ ಪುಸ್ತಕವು ಹತ್ತು ಪುಟಗಳಲ್ಲಿ ವಿವರಿಸುವುದು. ಇಲ್ಲಿ ಒಬ್ಬನು ಹುಲ್ಲಿನ ಚಾಪೆಯೊಂದನ್ನು ತಂದು ರಂಗದ ನಡುವೆ ಹಾಸುವನು. ಬಂದವರಿಗೆಲ್ಲ ಬಾಡಿಗೆ ಕೇಳಿ ಅದರ ಮೇಲೆ ಕೂರಿಸುವನು. ಜನ ಹೆಚ್ಚಿದಂತೆಲ್ಲ ಮೈಗೆ ಮೈ ಒತ್ತುವುದು, ಬಾಡಿಗೆಯೂ ಏರುವುದು. ನೋಡಿದವನಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ.

ಅದೇ ನಾಟಕದಲ್ಲಿ ಶಾಸನಸಭೆಯ ಸದಸ್ಯರು ವಸತಿಯ ಮಸೂದೆಯ ಮೇಲೆ ಆಡಿದ ಮಾತುಗಳನ್ನು ಸಭೆಯ ವರದಿಯಿಂದಲೇ ತೆಗೆದು ನಟರ ಬಾಯಲ್ಲಿ ಆಡಿಸಿದರು. ಕೆಲವು ಸದಸ್ಯರಿಗೆ ಇದು ಹಿಡಿಸಲಿಲ್ಲ. ಯೋಜನೆಯ ಮೇಲೆ ಇನ್ನೂ ಅನೇಕ ಆಕ್ಷೇಪಣೆಗಳು ಬಂದು, 1939ರ ಜೂನ್ 30ರಂದು ಶಾಸನಸಭೆಯು ಹಣವನ್ನು ನಿಲ್ಲಿಸಿ ಅದನ್ನು ಮುಚ್ಚಿಸಿತು.

ಬಂಗಾಳದ ದೃಷ್ಟಾಂತ ಇದಕ್ಕಿಂತ ಹಳೆಯದು. ಅಂಚೆಯ ಇಲಾಖೆಯಲ್ಲಿದ್ದ ದೀನಬಂಧು ಮಿತ್ರರು ನೀಲಿ ಬೆಳೆಯ ತೋಟದ ದೊರೆಗಳು ರೈತರಿಗೆ ಕೊಡುತ್ತಿದ್ದ ಹಿಂಸೆಯನ್ನು ವಸ್ತುವಾಗಿಟ್ಟುಕೊಂಡು ಬರೆದ ‘ನೀಲದರ್ಪಣ’ವು 1860ರಲ್ಲಿ ಕರ್ತೃವಿನ ಹೆಸರಿಲ್ಲದೆ ಢಾಕಾದಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದವನ್ನು ಅಚ್ಚುಮಾಡಿಸಿದುದಕ್ಕಾಗಿ 1861ರಲ್ಲಿ ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ ಒಂದು ತಿಂಗಳು ಸೆರೆಯೂ 1000 ರೂಪಾಯಿ ಜುಲ್ಮಾನೆಯೂ ಆದುವು. ಜುಲ್ಮಾನೆಯನ್ನು ಕಾಳೀಪ್ರಸನ್ನ ಸಿಂಹರು ತೆತ್ತರು. 1872ರಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರು ಅದನ್ನು ಟಿಕೆಟ್ಟು ಮಾರಿ ಆಡಿತು. ಇಂಥ ನಾಟಕಗಳಿಂದ ಬೆದರಿದ ಸರ್ಕಾರವು 1876ರಲ್ಲಿ ನಾಟಕ ಪ್ರದರ್ಶನಗಳ ಆಕ್ಟನ್ನು ತಂದಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಆ ಆಕ್ಟು ಬಹುಕಾಲ ಪುಸ್ತಕದಲ್ಲಿ ಉಳಿದಿದ್ದು, ಇತ್ತೀಚೆಗೆ, 2018ರಲ್ಲಿ, ರದ್ದಾಯಿತು.

ಇಲ್ಲಿ ಸಂಶೋಧಕನು ಒಂದು ಎಚ್ಚರಿಕೆಯನ್ನು ಪಾಲಿಸಬೇಕು. ನೀಲದರ್ಪಣವು ನೀಲಿಯ ಪೀಡೆಯನ್ನು ತೊಲಗಿಸಿತೆಂದು ಭಾಷಣಗಳಲ್ಲಿ ಹೇಳುವುದುಂಟು. ಆದರೆ ರೈತರು ನೀಲಿಯನ್ನು ಬಿತ್ತಲೊಲ್ಲೆವೆಂದು 1859ರಲ್ಲಿಯೇ ಎದ್ದಿದ್ದರು. ಅದನ್ನು ವಿಚಾರಿಸಲು ಸರ್ಕಾರದ ಕಮಿಷನ್ನು 1860ರಲ್ಲಿ ಕುಳಿತಿತ್ತು. ತನ್ನ ಕೋಳಿ ಕೂಗಿದುದರಿಂದಲೇ ಊರಿಗೆ ಬೆಳಗಾಯಿತೆಂದು ನಂಬಿದ ಮುದುಕಿಯ ಹಾಗೆ ನಾಟಕದವರು ಯೋಚಿಸಬಾರದು. ನಾಟಕವು ಮಾಡಿದುದು ಬೇರೊಂದು ಕೆಲಸ: ಹಳ್ಳಿಯ ರೈತನಿಗೆ ಮೈಯಲ್ಲಿ ಗೊತ್ತಿದ್ದ ಸಂಗತಿಯನ್ನು ಪಟ್ಟಣದ ಓದಿದವನ ಕಣ್ಣಿಗೆ ಕಟ್ಟಿತು. ಇದು ಸಣ್ಣ ಕೆಲಸವಲ್ಲ. ರೈತನು ಮಾಡಿದ ಕೆಲಸವೂ ಅದಲ್ಲ.

ಈ ಎರಡು ಪ್ರಸಂಗಗಳಲ್ಲಿಯೂ ಚಿತ್ರಿತರಾದವರು ತಕರಾರು ಮಾಡಿದರು. ಮಾಡಿದವರು ಮಾತ್ರ ಪ್ರಬಲರು: ತೋಟದ ದೊರೆಗಳು, ಶಾಸನಸಭೆಯ ಸದಸ್ಯರು. ಅವರ ಕೈಯಲ್ಲಿ ಕಾನೂನೂ ಹಣವೂ ಇದ್ದುದರಿಂದ ಅವರ ತಕರಾರು ನಮಗೆ ಕೇಳಿಸಿತು. ರಂಗದ ಮೇಲೆ ದುರ್ಬಲರನ್ನು ತಂದಾಗ ಅವರಿಗೂ ತಕರಾರು ಇರಬಹುದಲ್ಲವೆ? ಅದನ್ನು ಕೇಳಿಸಿಕೊಳ್ಳುವವರು ಯಾರು? ಸಂಶೋಧನೆಯ ಮೂರನೆಯ ದಾರಿ ಈ ಪ್ರಶ್ನೆಯಿಂದ ಹೊರಡುವುದು.

1985ರಲ್ಲಿ ಥಾಯ್ಲೆಂಡಿನ ಬಾನ್ ವಿನಾಯ್ ಎಂಬ ಶಿಬಿರದಲ್ಲಿ, ಲಾವೋಸಿನ ಯುದ್ಧದಿಂದ ಓಡಿಬಂದ ಮೊಂಗ್ ಜನರು ನಲವತ್ತು ಸಾವಿರಕ್ಕೂ ಮೇಲ್ಪಟ್ಟು ನೆಲಸಿದ್ದರು. ಅಲ್ಲಿ ನಾಯಿಹುಚ್ಚಿನ ಭಯ ಹುಟ್ಟಿತು. ವೈದ್ಯರು ನಾಯಿಗಳಿಗೆ ಚುಚ್ಚುಮದ್ದು ಹಾಕಿಸಲು ಕರೆದರೂ ಜನರು ಬರಲಿಲ್ಲ. ಮೊಂಗರು ಅಜ್ಞಾನಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಪ್ರದರ್ಶನಕಲೆಯ ಅಧ್ಯಾಪಕನಾದ ಡ್ವೈಟ್ ಕಾಂಕರ್‌ಗುಡ್ ಎಂಬಾತನು ಆರೋಗ್ಯ ಪ್ರಚಾರಕ್ಕಾಗಿ ಅಲ್ಲಿಗೆ ಬಂದು, ಶಿಬಿರದೊಳಗೆ ಅವರ ನಡುವೆಯೇ ವಾಸಮಾಡಿದನು. ಮೊಂಗರ ದಿನಚರಿಯೆಲ್ಲವೂ ಕಥೆ, ಹಾಡು, ಪೂಜೆಗಳಿಂದ ತುಂಬಿರುವುದನ್ನು ಕಂಡನು. ಅವರಲ್ಲಿಯೇ ನಟರನ್ನು ಆರಿಸಿ ಒಂದು ಮೆರವಣಿಗೆಯನ್ನು ಏರ್ಪಡಿಸಿದನು. ಅವರ ಜನಪದ ಕಥೆಗಳಿಂದ ಬಂದ ಹುಲಿ, ಭೂತ, ಕೋಳಿಗಳ ವೇಷಗಳು ವಾದ್ಯಗಳೊಡನೆ ಬೀದಿಬೀದಿ ಸುತ್ತಿದುವು. ರೋಗದ ವಿಷಯವನ್ನು ವಿವರಿಸಿದುದು ಕೋಳಿಯ ವೇಷ. ಏಕೆಂದರೆ ಮೊಂಗರ ನಂಬಿಕೆಯಲ್ಲಿ ಕೋಳಿಯು ಶಕುನವನ್ನು ತಿಳಿಸುವ ಪ್ರಾಣಿ. ಬಳಿಕ ಜನರು ನಾಯಿಗಳನ್ನು ಹಗ್ಗದಿಂದ ಕಟ್ಟಿಯೂ ಗಾಡಿಯಲ್ಲಿಟ್ಟೂ ತೋಳಿನಲ್ಲೆತ್ತಿಯೂ ತಂದರು.

ಕೋಳಿಯ ವೇಷದಲ್ಲಿ ಒಂದು ಶಾಸ್ತ್ರಾರ್ಥವೇ ಅಡಗಿದೆ. ತಜ್ಞನು ತನಗೆ ತಿಳಿದುದನ್ನು ಹೇಳಲು ಬಂದವನು, ಮೊದಲು ಎದುರಿನವರಿಗೆ ತಿಳಿದುದನ್ನು ಕಲಿಯಬೇಕಾಯಿತು. ಈ ಅಧ್ಯಾಪಕನೇ ಅದೇ ವರ್ಷ ಬರೆದ ಒಂದು ಲೇಖನದಲ್ಲಿ, ಪರರ ಬದುಕನ್ನು ಆಡಿ ತೋರಿಸುವವರು ಬೀಳುವ ನಾಲ್ಕು ಹಳ್ಳಗಳನ್ನು ವಿಂಗಡಿಸಿದನು. ಅವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಅವರ ಹಾಡು ಕಥೆಗಳನ್ನು ಎತ್ತಿಕೊಂಡು ಬಂದು ತನ್ನ ಕೀರ್ತಿಗೆ ಬಳಸುವುದು ಕಳವು. ಎಲ್ಲರೂ ಮನುಷ್ಯರೇ, ಭೇದವೇನೂ ಇಲ್ಲವೆಂದು ಮೇಲುಮೇಲಿನ ಪ್ರೀತಿಯಲ್ಲಿ ತೇಲುವುದು ಮೋಹ. ಅವರು ಎಷ್ಟು ವಿಚಿತ್ರ ನೋಡಿರೆಂದು ಜಾತ್ರೆಯ ಡೇರೆಯಲ್ಲಿಟ್ಟಂತೆ ತೋರಿಸುವುದು ಕೌತುಕ. ಅವರ ವಿಷಯ ನಮಗೆ ತಿಳಿಯುವುದೇ ಇಲ್ಲ, ಆದಕಾರಣ ಆ ಗೊಡವೆಯೇ ಬೇಡವೆಂದು ಕೈಬಿಡುವುದು ನುಣುಚಿಕೆ. ನಾಲ್ಕನೆಯದು ನೋಡಲು ವಿನಯದಂತೆ ಕಾಣುವುದು. ಆದರೆ ಮಾತುಕತೆಯ ಬಾಗಿಲನ್ನೇ ಮುಚ್ಚುವುದರಿಂದ ಅದೇ ಎಲ್ಲಕ್ಕಿಂತ ದೊಡ್ಡ ದೋಷವೆಂದು ಆತನ ಅಭಿಪ್ರಾಯ.

ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದವನು ಬ್ರಜಿಲ್ ದೇಶದ ಅಗಸ್ಟೋ ಬೋವಾಲ್. 1931ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈ ನಾಟಕಕಾರನು ತಾನೇ ಹೇಳಿರುವ ಪ್ರಸಂಗವೊಂದು ಕೇಳತಕ್ಕದ್ದಾಗಿದೆ. ಯೌವನದಲ್ಲಿ ಆತನ ತಂಡವು ಈಶಾನ್ಯ ಸೀಮೆಯ ಹಳ್ಳಿಗಳಲ್ಲಿ ರೈತರ ಮುಂದೆ ನಾಟಕವಾಡಿ, ಕೊನೆಯಲ್ಲಿ ಬಂದೂಕುಗಳನ್ನೆತ್ತಿ, ಭೂಮಿಗಾಗಿ ರಕ್ತವನ್ನು ಚೆಲ್ಲೋಣವೆಂದು ಹಾಡುತ್ತಿತ್ತು. ಒಂದು ಊರಿನಲ್ಲಿ ವಿರ್ಜಿಲಿಯೋ ಎಂಬ ರೈತನು ಕಣ್ಣೀರಿಟ್ಟು ಬಂದು, ಊಟಮಾಡಿ, ನಿಮ್ಮ ಬಂದೂಕುಗಳೊಡನೆ ಹೊರಡಿರಿ, ನಮ್ಮ ನೆಲವನ್ನು ಕಿತ್ತುಕೊಂಡವರ ಮೇಲೆ ಹೋಗೋಣವೆಂದನು. ಇವು ಆಟದ ಬಂದೂಕುಗಳೆಂದು ನಟರು ತಡವರಿಸಿದರು. ಹಾಗಾದರೆ ನಮ್ಮಲ್ಲಿ ನಿಜವಾದುವಿವೆ, ನೀವು ಬನ್ನಿರೆಂದನು. ತಾವು ನಿಜವಾದ ನಟರೇ ಹೊರತು ನಿಜವಾದ ರೈತರಲ್ಲವೆಂದು ಅವರು ಒಪ್ಪಿಕೊಳ್ಳಬೇಕಾಯಿತು. ಚೆಲ್ಲಬೇಕೆಂದು ನೀವು ಹಾಡಿದ ರಕ್ತವು ಹಾಗಾದರೆ ನಮ್ಮದು ಮಾತ್ರವೆ ಎಂದು ಆ ರೈತನು ಕೇಳಿದನಂತೆ. ತಾನು ನಡೆಯಲಾರದ ದಾರಿಯನ್ನು ಪರರಿಗೆ ಉಪದೇಶಿಸಕೂಡದೆಂಬ ನಿಯಮವನ್ನು ಬೋವಾಲನು ಅಂದು ಹಾಕಿಕೊಂಡನು.

ಮುಂದೆ 1971ರಲ್ಲಿ ಸೈನ್ಯದ ಸರ್ಕಾರವು ಆತನನ್ನು ಬಂಧಿಸಿ ಹಿಂಸಿಸಿತು. ದೇಶವನ್ನು ಬಿಟ್ಟು ಹೋಗಿ, 1973ರಲ್ಲಿ ಪೆರು ದೇಶದ ಅಕ್ಷರಪ್ರಚಾರದಲ್ಲಿ ಸೇರಿದಾಗ ಹೊಸದೊಂದು ಕ್ರಮ ಹೊಳೆಯಿತು. ಅಲ್ಲಿ ಓದುಬಾರದ ಒಬ್ಬ ಹೆಂಗಸಿನ ಕಷ್ಟವನ್ನು ಆಡುತ್ತಿದ್ದರು. ಆಸ್ತಿಯ ಪತ್ರಗಳೆಂದು ಗಂಡನು ಆಕೆಯ ಕೈಗೆ ಕೊಟ್ಟಿದ್ದ ಕಾಗದಗಳು ಬೇರೊಬ್ಬಳ ಪ್ರೇಮಪತ್ರಗಳಾಗಿದ್ದುವು. ಆಕೆ ಏನು ಮಾಡಬೇಕೆಂದು ಸಭೆಯನ್ನು ಕೇಳಿದರು. ಒಬ್ಬ ದಪ್ಪನೆಯ ಹೆಂಗಸು ತನ್ನ ಸಲಹೆಯನ್ನು ಎಷ್ಟು ಸಲ ಹೇಳಿದರೂ, ನಟಿಯು ಆಡಿದುದು ಆಕೆಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ ತಾನೇ ರಂಗವನ್ನೇರಿ, ಪೊರಕೆಯನ್ನು ಕೈಗೆ ತೆಗೆದುಕೊಂಡು, ತನ್ನ ಅರ್ಥವೇನೆಂಬುದನ್ನು ಗಂಡನ ಪಾತ್ರದ ನಟನ ಬೆನ್ನಿನ ಮೇಲೆ ವಿಶದಪಡಿಸಿದಳು! ಅಂದಿನಿಂದ ಬೋವಾಲನ ನಾಟಕದಲ್ಲಿ ಪ್ರೇಕ್ಷಕನು ಎದ್ದು ಬಂದು ಆಟವನ್ನು ತಡೆಯಬಹುದು. ಪೀಡಿತನ ಪಾತ್ರವನ್ನು ತಾನೇ ವಹಿಸಿ ಬೇರೊಂದು ಉಪಾಯವನ್ನು ಪರೀಕ್ಷಿಸಬಹುದು. ಪ್ರಬಲನ ಪಾತ್ರದವನು ಸುಲಭವಾಗಿ ಸೋಲನು. ಆದುದರಿಂದ ಉಪಾಯದ ಗಟ್ಟಿತನ ಅಲ್ಲಿಯೇ ತಿಳಿಯುವುದು. ರಸಾಯನಶಾಸ್ತ್ರಜ್ಞನಿಗೆ ಪ್ರಯೋಗಶಾಲೆ ಹೇಗೋ, ಊರಿಗೆ ಈ ರಂಗವು ಹಾಗೆ. ಬೋವಾಲನು ದೇಶಕ್ಕೆ ಮರಳಿ, 1992ರಲ್ಲಿ ರಿಯೋ ನಗರಸಭೆಗೆ ಚುನಾಯಿತನಾಗಿ, ಕೇರಿಕೇರಿಯ ಇಂಥ ಆಟಗಳಲ್ಲಿ ಹುಟ್ಟಿದ ಸೂಚನೆಗಳನ್ನು ಸಭೆಯ ಮುಂದಿಟ್ಟನು. 1996ರೊಳಗೆ 13 ನಿಬಂಧನೆಗಳು ಕಾನೂನಾದುವು. ನಮ್ಮ ದೇಶದಲ್ಲಿ 1985ರಲ್ಲಿ ಸಂಜಯ ಗಂಗೂಲಿಯವರು ಬಂಗಾಳದ ಸುಂದರಬನದ ಹಳ್ಳಿಗಳಲ್ಲಿ ಆರಂಭಿಸಿದ ಜನ ಸಂಸ್ಕೃತಿ ಎಂಬ ತಂಡವು ಈ ಕ್ರಮವನ್ನು ವರದಕ್ಷಿಣೆ, ಬಾಲ್ಯವಿವಾಹ, ಕುಡಿತಗಳ ವಿಚಾರದಲ್ಲಿ ಬಳಸಿತು.

ಕನ್ನಡದವರಿಗೆ ಇದೆಲ್ಲವೂ ತೀರ ಹೊಸದಲ್ಲ. ಕೈಲಾಸಂ ಅವರು 1918ರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ಓದೊಂದೇ ಓದೆಂಬ ನಮ್ಮ ಮಧ್ಯಮವರ್ಗದ ನಂಬಿಕೆಯನ್ನು ಮನೆಯ ಆಡುಮಾತಿನಲ್ಲಿಯೇ ಹಿಡಿದು ತೋರಿಸಿದರು. ಕಿವಿಗೊಟ್ಟು ಮಾತನ್ನು ಆಯ್ದುಕೊಳ್ಳುವುದು ಕೂಡ ಒಂದು ಸಂಶೋಧನೆಯೇ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು, ಹಳ್ಳಿಯೊಂದು ಲೋಕದ ನಾಟಕವನ್ನು ತನ್ನ ಅಂಗಳದಲ್ಲಿ ನಿಂತು ಚರ್ಚಿಸಬಲ್ಲುದೆಂಬುದನ್ನು ತೋರಿಸಿತು. ಬೆಂಗಳೂರಿನಲ್ಲಿ 1975ರಲ್ಲಿ ಆರಂಭವಾದ ಸಮುದಾಯವು, 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯಾಕಾಂಡವನ್ನು ಬೀದಿಯ ನಾಟಕವಾಗಿ ಮಾಡಿ ನಮ್ಮ ಊರುಗಳ ಮುಂದಿಟ್ಟಿತು. ದೂರದ ಸುದ್ದಿಯು ಬೀದಿಯ ನಡುವೆ ನಿಂತಾಗ, ಇದು ನಮ್ಮೂರಲ್ಲಿ ಇಲ್ಲವೆ ಎಂದು ನೋಡುವವನು ತನ್ನನ್ನೇ ಕೇಳಿಕೊಳ್ಳಬೇಕಾಗುವುದು.

ಹೀಗಾದರೆ ರಸವೆಲ್ಲಿ ಉಳಿಯಿತು, ನಾಟಕವು ಉಪದೇಶದ ಹಲಗೆಯಾಗಲಿಲ್ಲವೆ ಎಂದು ಕೆಲವು ಸಹೃದಯರು ಆಕ್ಷೇಪಿಸುವರು. ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಪಾತ್ರಗಳಿಂದ ಒಪ್ಪಿಸುವ ನಾಟಕವು ಶುಷ್ಕವಾಗುವುದು ನಿಶ್ಚಯ. ಆದರೆ ಅದರ ದೋಷ ಸಮಾಜವನ್ನು ಮುಟ್ಟಿದುದಲ್ಲ, ವಿಚಾರಿಸದೆ ಮುಟ್ಟಿದುದು. ವಿಚಾರಿಸಿದವನಿಗೆ ದುಷ್ಟನಲ್ಲಿಯೂ ಒಂದು ನ್ಯಾಯ, ಪೀಡಿತನಲ್ಲಿಯೂ ಒಂದು ಹಟ, ನೋಡುವ ತನ್ನಲ್ಲಿಯೂ ಒಂದು ಪಾಲು ಕಾಣುವುದು. ರಸಕ್ಕೆ ಬೇಕಾದ ಸಾಮಗ್ರಿ ಅದೇ ಅಲ್ಲವೆ?

ನಮ್ಮ ಕಾಲೇಜುಗಳ ನಾಟಕ ಸಂಘಗಳು ವರ್ಷಕ್ಕೊಂದು ಸಲ ಬಡತನವನ್ನೋ ಜಾತಿಯ ಕಟ್ಟನ್ನೋ ವಸ್ತುವಾಗಿ ಆರಿಸುವುದುಂಟು. ಅಂಥ ತರುಣರಿಗೆ ನಾವು ಮೂರು ಪ್ರಶ್ನೆಗಳನ್ನು ಸೂಚಿಸಬಯಸುತ್ತೇವೆ. ಈ ನಾಟಕದಲ್ಲಿ ಯಾರ ಕಷ್ಟವನ್ನು ಆಡುತ್ತೇವೆಯೋ ಅವರೊಡನೆ ನಾವು ಎಷ್ಟು ದಿನ ಮಾತನಾಡಿದೆವು? ಪರದೆ ಏಳುವ ಮೊದಲು ಅವರಿಗೆ ಒಂದು ಸಲ ಆಡಿ ತೋರಿಸಿ, ಇದು ಹೀಗಲ್ಲವೆಂದು ಅವರು ಹೇಳಿದ ಕಡೆ ತಿದ್ದಿದೆವೆ? ಪರದೆ ಬಿದ್ದ ಮೇಲೆ ಕಣ್ಣೊರಸಿಕೊಂಡ ಪ್ರೇಕ್ಷಕನು ಮನೆಗೆ ಹೋಗಿ ಮಾಡಬಹುದಾದ ಒಂದು ಕೆಲಸವನ್ನಾದರೂ ನಮ್ಮ ಆಟವು ಆತನ ಕಣ್ಣಿಗೆ ಕಾಣಿಸಿತೆ?

ನಾಟಕವು ಬಾವಿಯನ್ನು ತೋಡಲಾರದು, ಸಾಲವನ್ನು ತೀರಿಸಲಾರದು. ಇದನ್ನು ಮರೆತು ಅದರ ಮಹಿಮೆಯನ್ನು ಹೊಗಳುವುದು ತರವಲ್ಲ. ಬಾವಿಯ ಬಳಿ ಕೊಡವನ್ನು ಹಿಡಿದು ನಿಂತವಳು ತನ್ನ ಪಾತ್ರವನ್ನು ತಾನೇ ಆಡಿ ಊರಿಗೆ ತೋರಿಸುವಂತಾದರೆ, ಪಂಚಾಯಿತಿಯಲ್ಲಿ ಆಕೆಯ ಪರವಾಗಿ ಬೇರೊಬ್ಬನು ಮಾತನಾಡಬೇಕಾದ ಅವಶ್ಯಕತೆ ಅಷ್ಟುಮಟ್ಟಿಗೆ ಕಡಮೆಯಾಗುವುದು. ಅಷ್ಟನ್ನು ಅದು ಮಾಡಬಲ್ಲುದು. ಅಷ್ಟಾದರೂ ಆಗುವಂತೆ ನೋಡಿಕೊಳ್ಳುವುದು ರಂಗವನ್ನು ಅಭ್ಯಾಸಮಾಡುವವರ ಕರ್ತವ್ಯ.